ಗೆಳೆಯನಿಗೊಂದು ಪತ್ರ: ಎಲೆಗೆ 280 ರೂಪಾಯಿ

ಪ್ರಿಯ ಜಮಖಾನ,

ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸಾಲ ತೆಗೆದುಕೊಂಡವರು ಬ್ಯಾಂಕಿನವರ ಫೋನ್ ಎತ್ತುವುದಿಲ್ಲ ಎಂದು ಕೇಳಿದ್ದೆ. ಬ್ಯಾಂಕಿನವನೇ ಎತ್ತದಿರುವುದು ಕಲಬುರಗಿಯ ಬಿಸಿಲಿನ ಪ್ರಭಾವವಿರಬೇಕು. ಅದಕ್ಕೇ ಊರೆಲ್ಲ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿ ನಿನ್ನನ್ನು ವಿಚಾರಿಸಿಕೊಂಡರೆ ನಾಚಿಕೆಗಾದರೂ ಉತ್ತರ ಬರೆಯುತ್ತೀಯೆ. (ಆ ನಾಲ್ಕು ಜನರಲ್ಲಿ ಒಂದು ವಿನಂತಿ: ಈತನಿಗೆ ಜಮಖಾನ ಎಂಬ ಹೆಸರು ಹೇಗೆ ಬಂತೆಂದು ಕೇಳಬೇಡಿ. ಶೃಂಗೇರಿ ಪ್ರವಾಸಕ್ಕೆ ಬಂದಿದ್ದ ಹದಿನಾಲ್ಕು ಮಂದಿಗೆ ಗೊತ್ತು, ಅಷ್ಟು ಸಾಕು.)

ನನ್ನ ಮದುವೆ ಆಷಾಢದಲ್ಲಿ. ಹೌದು, ಆಷಾಢದಲ್ಲಿಯೇ. ನಮ್ಮ ಸೋದರತ್ತೆ ಇದನ್ನು ಕೇಳಿ ಕಾಫಿ ಲೋಟವನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ‘ಮದುವೆಯಾದವರನ್ನೇ ಬೇರೆ ಬೇರೆ ಇಡುವ ತಿಂಗಳಲ್ಲವೇನೋ ಅದು?’ ಎಂದರು. ಅವರಿಗೆ ನಾನು ಹೇಳಲಾಗದ ಉತ್ತರವನ್ನು ನಿನಗೆ ಹೇಳುತ್ತೇನೆ. ಆಷಾಢದಲ್ಲಿ ಛತ್ರದ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ. ವೈಶಾಖದಲ್ಲಿ ‘ನೋಡೋಣ, ಆಮೇಲೆ ಬನ್ನಿ’ ಎನ್ನುವ ಅಡುಗೆಯವರು ಈಗ ಮೊದಲನೆಯ ರಿಂಗಿಗೇ ಫೋನ್ ಎತ್ತಿ ಅಪ್ಪ ಅಮ್ಮನ ಆರೋಗ್ಯವನ್ನೂ ವಿಚಾರಿಸುತ್ತಾರೆ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಯ ಹುಡುಗ ಒಂದು ಮಾರು ಅಳೆಯುವಾಗ ಕೈಯನ್ನು ಪೂರ್ತಿ ಚಾಚುತ್ತಾನೆ. ಶುಕ್ರವಾರ ಮಾತ್ರ ಚಾಮುಂಡಿ ಬೆಟ್ಟಕ್ಕೆ ಜನ ನುಗ್ಗುವುದರಿಂದ ಅವನ ಕೈ ಮತ್ತೆ ಗಿಡ್ಡವಾಗುತ್ತದೆ. ಹಾಗಾಗಿ ಭಾನುವಾರ ಹಿಡಿದೆವು.

ಶಾಸ್ತ್ರದ ಪ್ರಶ್ನೆಯೇ ಇಲ್ಲ, ಏಕೆಂದರೆ ನಮ್ಮದು ಮಂತ್ರ ಮಾಂಗಲ್ಯ. ಕುವೆಂಪು ರೂಪಿಸಿಕೊಟ್ಟ ದಾರಿ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಂತೂ ಇಲ್ಲವೇ ಇಲ್ಲ. ಹಿರಿಯರೊಬ್ಬರು ಓದಿಸುತ್ತಾರೆ, ನಾವಿಬ್ಬರೂ ನಿಂತು ಹೇಳುತ್ತೇವೆ. 1966ರಲ್ಲಿ ತೇಜಸ್ವಿಯವರ ಮದುವೆ ಹೀಗೆಯೇ ಆಯಿತು. ಸರ್ಕಾರದ ಲೆಕ್ಕಕ್ಕೆ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ. ಅದಕ್ಕೆ 30 ದಿನ ಮುಂಚೆ ನೋಟಿಸ್ ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಆಕ್ಷೇಪಣೆ ಇರುವವರು ಅಷ್ಟರಲ್ಲಿ ಹೇಳಬಹುದು. ಈ ಸೌಲಭ್ಯದ ಬಗ್ಗೆ ಸೋದರತ್ತೆಗೆ ತಿಳಿಸಿಲ್ಲ.

ಇನ್ನು ಫೋಟೋ. ಇಲ್ಲಿಯೇ ನನ್ನ ಲೆಕ್ಕ ತಪ್ಪಿದ್ದು. ಒಂದು ಸ್ಟುಡಿಯೋಕ್ಕೆ ಹೋಗಿದ್ದೆವು. ಕ್ಯಾಂಡಿಡ್‌ಗೆ ಒಬ್ಬರು, ಸಾಂಪ್ರದಾಯಿಕಕ್ಕೆ ಒಬ್ಬರು, ವಿಡಿಯೋಗೆ ಇಬ್ಬರು, ಡ್ರೋನ್, ಇಟ್ಟಿಗೆಯಷ್ಟು ದಪ್ಪದ ಎರಡು ಆಲ್ಬಮ್, ಎಲ್ಲ ಸೇರಿ 1,60,000 ರೂಪಾಯಿ. ಛತ್ರದ ಒಳಗೆ ನಡೆಯುವ ಮದುವೆಗೆ ಡ್ರೋನ್ ಏಕೆ ಎಂದು ಕೇಳಿದೆ. ‘ಎಂಟ್ರಿ ಸರ್’ ಎಂದರು. ನಾನು ಛತ್ರದೊಳಕ್ಕೆ ಕಾಲಿಡುವುದನ್ನು ಮೇಲಿನಿಂದ ನೋಡಿದರೆ ಏನು ಕಾಣುತ್ತದೆ ಎಂಬುದು ನಿನಗೆ ಗೊತ್ತು. ಮೂವತ್ತಮೂರನೆಯ ವಯಸ್ಸಿಗೇ ನೆತ್ತಿಯಲ್ಲಿ ಆಗಿರುವ ಅನಾಹುತವನ್ನು ದಾಖಲಿಸಲು ನಾನು ದುಡ್ಡು ಕೊಡಬೇಕೇ?

ಕೊನೆಗೆ ಚಿಕ್ಕಮ್ಮನ ಮಗ ಒಪ್ಪಿಕೊಂಡ. ಎಂಜಿನಿಯರಿಂಗ್ ಮೂರನೆಯ ವರ್ಷ, ಕೈಯಲ್ಲಿ ಹಳೆಯ ಕ್ಯಾಮೆರಾ, 50 ಎಂಎಂ ಲೆನ್ಸ್. ಹುಡುಗನಿಗೆ ವಿಷಯ ಗೊತ್ತು. ‘ಅಣ್ಣ, ಲೆನ್ಸಿನ ಕಿಂಡಿಯನ್ನು 1.8ಕ್ಕೆ ಅಗಲವಾಗಿ ತೆರೆದರೆ ಹಿಂದಿರುವ ಪ್ಲಾಸ್ಟಿಕ್ ಕುರ್ಚಿ, ಫ್ಲೆಕ್ಸು ಎಲ್ಲ ಕರಗಿ ಬೆಳಕಿನ ಚುಕ್ಕೆಯಾಗುತ್ತವೆ, ಅಲಂಕಾರಕ್ಕೆ ಖರ್ಚೇ ಬೇಡ’ ಎಂದ. ಆಷಾಢದ ಮೋಡ ಕವಿದ ಬೆಳಕು ಮುಖಕ್ಕೆ ಒಳ್ಳೆಯದಂತೆ, ಕಣ್ಣ ಕೆಳಗೆ ನೆರಳು ಬೀಳುವುದಿಲ್ಲವಂತೆ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದರೆ ರಾಜಕುಮಾರನೂ ಪೊಲೀಸ್ ಠಾಣೆಯ ಬೋರ್ಡಿನ ಮೇಲಿನ ಚಿತ್ರದಂತೆ ಕಾಣುತ್ತಾನೆ ಎಂಬುದೂ ಅವನ ಮಾತೇ. ಛತ್ರದ ಕಿಟಕಿಗಳು ಯಾವ ದಿಕ್ಕಿಗಿವೆ ಎಂದು ನೋಡಿಕೊಂಡು ಬಂದು, ಹಸೆಯನ್ನು ಎಲ್ಲಿ ಹಾಕಬೇಕೆಂದು ಅವನೇ ನಿರ್ಧರಿಸಿದ್ದಾನೆ. ವಾಸ್ತು ನೋಡದ ಮದುವೆಯಲ್ಲಿ ಇವನೊಬ್ಬ ವಾಸ್ತುಪಂಡಿತ.

ಅಭ್ಯಾಸಕ್ಕೆಂದು ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋದ. ಹಣೆಗೆ ಹಣೆ ತಾಗಿಸಿ ಎಂದ, ತಾಗಿಸಿದೆವು. ಅವಳ ಬೈತಲೆಯ ಎಣ್ಣೆ ನನ್ನ ಕನ್ನಡಕಕ್ಕೆ ಹತ್ತಿ ಮುಂದಿನ ಅರ್ಧ ಗಂಟೆ ನನಗೆ ಇಡೀ ಕೆರೆಯೇ 1.8ರಲ್ಲಿ ಕಾಣಿಸಿತು. ಕೈಹಿಡಿದು ಓಡಿ ಬನ್ನಿ ಎಂದ. ಎದುರಿಗೆ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಾಯಿ ಅಟ್ಟಿಸಿಕೊಂಡು ಬರುತ್ತಿದೆಯೆಂದು ತಿಳಿದು ಕೋಲು ಎತ್ತಿದರು. ‘ಸ್ವಲ್ಪ ಪ್ರೀತಿಯಿಂದ ನೋಡಣ್ಣ’ ಎಂದು ಹುಡುಗ ಬೇಡಿಕೊಳ್ಳುತ್ತಿದ್ದ. ತೇಜಸ್ವಿಯವರು ಹಕ್ಕಿಗಳ ಚಿತ್ರಕ್ಕಾಗಿ ಗಂಟೆಗಟ್ಟಲೆ ಕಾದು ಕೂರುತ್ತಿದ್ದರಲ್ಲ, ಯಾವ ಹಕ್ಕಿಗೂ ಅವರು ಹೀಗೆ ಹೇಳಿರಲಾರರು. ಇನ್ನೂರಹನ್ನೆರಡು ಫೋಟೋಗಳಲ್ಲಿ ನನ್ನದು ಒಂದೇ ಮುಖ, ಆಧಾರ್ ಕಾರ್ಡಿನದು.

ಇನ್ನೂರಹದಿಮೂರನೆಯದು ಬೇರೆ.

ಕೆರೆಯಿಂದ ಬರುತ್ತಾ ಅಡುಗೆಯವರ ಮನೆಗೆ ಹೋದೆವು. ನಾನು ಲೆಕ್ಕ ಹಾಕುತ್ತಿದ್ದಾಗ ಹುಡುಗ ಸುಮ್ಮನೆ ಒಂದು ಕ್ಲಿಕ್ಕಿಸಿದ್ದಾನೆ. ಹಿಂದಿನ ಕೆರೆಯೂ ಸ್ಪಷ್ಟವಾಗಿ ಬರಲೆಂದು ದಂಡೆಯಲ್ಲಿ ಕಿಂಡಿ ಕಿರಿದು ಮಾಡಿಟ್ಟಿದ್ದ ಸೆಟ್ಟಿಂಗ್ ಬದಲಿಸುವುದನ್ನೂ ಮರೆತಿದ್ದಾನೆ. ಆದ್ದರಿಂದ ಹಿಂದಿನದು ಯಾವುದೂ ಕರಗಿಲ್ಲ, ಎಲ್ಲ ಸ್ಪಷ್ಟವಾಗಿದೆ: ಜಗಲಿಯಲ್ಲಿ ಬೋರಲು ಹಾಕಿದ ಕೊಳದಪ್ಪಲೆಗಳು, ಗೋಡೆಗೆ ಒರಗಿಸಿಟ್ಟ ಜಾಲರಿ ಸೌಟು, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಹೋಳಿಗೆ ಊಟ ಎಲೆಗೆ 280’. ಅದರ ಮುಂದೆ ನಾನು, ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 150 ಎಲೆಯಿಂದ ಗುಣಿಸುತ್ತಾ, ನಾಲಿಗೆಯ ತುದಿಯನ್ನು ಹೊರಗೆ ಹಾಕಿಕೊಂಡು ನಿಂತಿದ್ದೇನೆ. ನಲವತ್ತೆರಡು ಸಾವಿರ ಎಂದು ಮೂರನೆಯ ಕ್ಲಾಸಿನ ಮಗುವೂ ಬಾಯಲ್ಲಿ ಹೇಳುತ್ತದೆ. ನಾನು ಮೂರನೆಯ ಸಲ ಗುಣಿಸುತ್ತಿದ್ದೆ, ಈ ಸಲವಾದರೂ ಕಡಿಮೆ ಬಂದೀತೆಂದು.

ಅವಳು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಮಡಿಲಲ್ಲಿ ಚೀಲ ಇಟ್ಟುಕೊಂಡು, ನನ್ನನ್ನು ನೋಡುತ್ತಿದ್ದಾಳೆ.

ಆ ನೋಟವನ್ನು ನೋಡಿದಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಹುಡುಗ ‘ಇದೇ ಅಣ್ಣ, ಇದೇ ರೊಮ್ಯಾಂಟಿಕ್’ ಎಂದು ಕುಣಿದ. ನನಗೆ ಹಾಗೆ ಕಾಣಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವವರು ನಾವು ನೋಡದಿದ್ದಾಗ ನಮ್ಮನ್ನು ಹಾಗೆ ನೋಡುತ್ತಾರೆ.

ಏನು ಗೊತ್ತು ಎಂದು ಕೇಳುತ್ತೀಯೆ. ನಿನಗೂ ಹೇಳಿಲ್ಲ. ಸಂಕ್ರಾಂತಿಯ ಸಮಯದಲ್ಲಿ ನೀನು ಕೇಳಿದಾಗ ‘ಕೆಲಸ ಜಾಸ್ತಿ ಮಾರಾಯ’ ಎಂದಿದ್ದೆನಲ್ಲ, ಆಗ ನನಗೆ ಕೆಲಸ ಇರಲಿಲ್ಲ. ಐದು ತಿಂಗಳು ಇರಲಿಲ್ಲ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು ಗ್ರಂಥಾಲಯದಲ್ಲಿ ಕುಳಿತು ಸಂಜೆ ಮನೆಗೆ ಬರುತ್ತಿದ್ದೆ. ಅಪ್ಪನ ಹೃದಯದ ಶಸ್ತ್ರಚಿಕಿತ್ಸೆಗೆ ಕಟ್ಟಿದ್ದು ನನ್ನ ಮದುವೆಗೆಂದು ಕೂಡಿಟ್ಟ ಹಣ, ಜೊತೆಗೆ ಸ್ವಲ್ಪ ಸಾಲ. ಈಗ ಕೆಲಸ ಸಿಕ್ಕಿದೆ, ಮೊದಲಿನದಕ್ಕಿಂತ ಚಿಕ್ಕದು. ಇಷ್ಟೇ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಬೇರೆಯವರಿಗಾಗಿದ್ದರೆ ನಾನೇ ಹಾಗೆ ಹೇಳುತ್ತಿದ್ದೆ.

ನಾಚಿಕೆಯಾಗಬೇಕಾದದ್ದು ಆಮೇಲೆ ಮಾಡಿದ ಕೆಲಸಕ್ಕೆ. ದುಡ್ಡಿಲ್ಲ ಎನ್ನಲಾರದೆ ‘ಆಡಂಬರದಲ್ಲಿ ನನಗೆ ನಂಬಿಕೆಯಿಲ್ಲ’ ಎಂದೆ. ಅಮ್ಮ ಪಾಪ, ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಸುತ್ತಾರೆ, ಸೀರೆ ತಾಳಿ ಅವರೇ ಕೊಡುತ್ತಾರೆ, ಸ್ವಾಮಿಯ ಸನ್ನಿಧಿ, ಅಲ್ಲೇ ಮಾಡೋಣ ಎಂದಿದ್ದಳು. ನಾನು ಒಪ್ಪಲಿಲ್ಲ. ಅಲ್ಲಿಗೆ ಹೋದರೆ ಕೈ ಖಾಲಿ ಎಂದು ಜನರಿಗೆ ತಿಳಿಯುತ್ತದೆ, ಮಂತ್ರ ಮಾಂಗಲ್ಯವಾದರೆ ಆದರ್ಶ ಎನ್ನುತ್ತಾರೆ. ಖರ್ಚು ಎರಡರಲ್ಲೂ ಕಡಿಮೆಯೇ. ನಾನು ಆರಿಸಿಕೊಂಡದ್ದು ಚಪ್ಪಾಳೆ ಇರುವುದನ್ನು. ಕುವೆಂಪು ಇಟ್ಟ ದೀಪದ ಬುಡದಲ್ಲಿ ನನ್ನ ಹರಿದ ಜೇಬನ್ನು ಬಚ್ಚಿಟ್ಟೆ.

ಸರಳ ಮದುವೆಯ ಬಗ್ಗೆ ಇದೇ ಜಾಗದಲ್ಲಿ ಉದ್ದನೆಯ ಬರಹ ಹಾಕಿದ್ದೆ. ನೀನೂ ಎರಡು ಕೈ ಜೋಡಿಸಿದ ಚಿತ್ರ ಒತ್ತಿದ್ದೆ. ಅದನ್ನು ಓದಿ ನಮ್ಮ ಬಡಾವಣೆಯ ಹಿರಿಯರು ಕರೆದು, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಭಾಷಣ ಮಾಡಿಸಿದರು. ಇಪ್ಪತ್ತು ನಿಮಿಷ ಮಾತನಾಡಿದೆ. ಅವಳು ಎರಡನೆಯ ಸಾಲಿನಲ್ಲಿದ್ದಳು. ಬರುವಾಗ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, ಬುಟ್ಟಿಯ ಸೇಬಿನ ಮೇಲಿನ ಚೀಟಿಯನ್ನು ಉಗುರಿನಿಂದ ಕೀಳುತ್ತಾ, ‘ಮದುವೆಗೆಂದು ಪಿಎಫ್‌ನಿಂದ ಮುಂಗಡ ತೆಗೆಯಬಹುದು. ನನ್ನದರಲ್ಲಿ ಸ್ವಲ್ಪ ಇದೆ’ ಎಂದಳು. ಅಷ್ಟೇ ಅಂದದ್ದು. ನಾನು ಸುಮ್ಮನಿರಬೇಕಿತ್ತು, ಅಥವಾ ನಿಜ ಹೇಳಬೇಕಿತ್ತು. ಅದರ ಬದಲು ಅದೇ ಭಾಷಣದ ಉಳಿದ ಹತ್ತು ನಿಮಿಷವನ್ನು ಅವಳಿಗೆ ಒಪ್ಪಿಸಿದೆ. ದುಡ್ಡಿನ ಮಾತಲ್ಲ ಇದು, ಮೌಲ್ಯದ ಮಾತು, ನಿನಗೆ ಅರ್ಥವಾಗುವುದಿಲ್ಲ ಎಂದುಬಿಟ್ಟೆ. ಸಿಟ್ಟು ಬಂದಾಗ ಮಾತ್ರ ಅವಳು ನನ್ನನ್ನು ಬಹುವಚನದಲ್ಲಿ ಮಾತನಾಡಿಸುತ್ತಾಳೆ. ಕಾಫಿ ಮುಗಿಸಿ ಲೋಟವನ್ನು ಬಟ್ಟಲಿನಲ್ಲಿಟ್ಟು, ‘ನೀವು ಮಾತು ಚೆನ್ನಾಗಿ ಆಡುತ್ತೀರಿ’ ಎಂದಳು. ಬಿಲ್ಲನ್ನೂ ಅವಳೇ ಕೊಟ್ಟಳು.

ಆ ಫೋಟೋದಲ್ಲಿ ನೋಡುತ್ತಿರುವವಳು ಇವಳು. ಕರುಣೆಯೋ, ಬೇಸರವೋ, ಇನ್ನೇನೋ, ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಒಂದು ಹಂತ ದಾಟಿದ ಮೇಲೆ ಕಣ್ಣು ಹೋಗಿ ಬರೀ ಚೌಕ ಚೌಕ ಕಾಣುತ್ತದೆ.

ಸರಿ, ಸರಿ. ಲೆನ್ಸಿನ ವಿಷಯ ಬರೆಯಲು ಕೂತವನು ಎಲ್ಲಿಗೋ ಹೋದೆ. ಇದನ್ನು ಅವಳೂ ಓದುತ್ತಾಳೆ ಎಂಬುದು ಗೊತ್ತಿದ್ದೇ ಇಷ್ಟು ಬರೆದೆನೆಂದು ನೀನು ಹೇಳುವ ಮುಂಚೆ ನಾನೇ ಹೇಳುತ್ತೇನೆ: ಹೌದು, ಎದುರಿಗೆ ಹೇಳುವ ಧೈರ್ಯವಿಲ್ಲದೆ ಕಲಬುರಗಿಯ ಮೇಲಿಂದ ಹೇಳಿಸುತ್ತಿದ್ದೇನೆ. ನಿನ್ನ ಹೆಗಲು ಅಗಲವಾಗಿದೆ, ಜಮಖಾನಕ್ಕೆ ಅದೇ ಲಕ್ಷಣ. ಪೇಟ ಬೀರುವಿನ ಮೇಲಿದೆ, ಬೇಕಾದರೆ ತೆಗೆದುಕೊಂಡು ಹೋಗು. ಹಣ್ಣು ಮುಗಿದಿದೆ.

ಈಗ ಕೆಲಸದ ಮಾತು. ನೋಂದಣಿಗೆ ಮೂವರು ಸಾಕ್ಷಿಗಳು ಬೇಕು, ಒಬ್ಬ ನೀನು, ಆದ್ದರಿಂದ ಆಧಾರ್ ಮರೆಯಬೇಡ. ನಿನ್ನ 85 ಎಂಎಂ ಲೆನ್ಸ್ ಎರಡು ದಿನಕ್ಕೆ ಹುಡುಗನಿಗೆ ಕೊಡು, ಬೀಳಿಸಿದರೆ ಸಾಲ ಬರೆದುಕೋ, ನಿನಗೆ ಅದು ವೃತ್ತಿ. ಮುಯ್ಯಿ ಇಲ್ಲ ಎಂದು ಕರೆಯೋಲೆಯಲ್ಲಿ ಹಾಕಿಸಿದ್ದೇನೆ, ಆದರ್ಶದ ಭರದಲ್ಲಿ ಹಾಕಿಸಿಬಿಟ್ಟೆ, ಈಗ ಹೊಟ್ಟೆ ಉರಿಯುತ್ತಿದೆ. ಆ ಹಸಿರು ಸಫಾರಿ ಹಾಕಿಕೊಂಡು ಬಂದರೆ ಶೃಂಗೇರಿಯ ಕಥೆಯನ್ನು ಮೈಕಿನಲ್ಲಿ ಹೇಳುತ್ತೇನೆ.

ಫೋಟೋವನ್ನು ನಿನ್ನೆ ಅವಳಿಗೆ ಕಳಿಸಿದೆ. ಬೇರೆ ಏನೂ ಬರೆಯಲಿಲ್ಲ. ನಲವತ್ತು ನಿಮಿಷ ಉತ್ತರವಿರಲಿಲ್ಲ. ಅಷ್ಟರಲ್ಲಿ ನಾನು 150 ಎಲೆಯನ್ನು 140ಕ್ಕೆ ಇಳಿಸಿ, ಮತ್ತೆ 150 ಮಾಡಿ, ಬೀಡ ತೆಗೆದುಹಾಕಿದೆ. ಆಮೇಲೆ ಬಂತು:

‘ನಾಲಿಗೆ ಒಳಗೆ ಹಾಕಿಕೋ.’

ಏಕವಚನ. ಗಮನಿಸು.

ಬೀಡ ವಾಪಸ್ ಸೇರಿಸಿದ್ದೇನೆ.

ನಿನ್ನ,
ಅರ್ಧ ಟಿಕೆಟ್