ಲೈನ್‌ಮನೆಯವರಿಗೆ ಜಾಗ ಕೊಡುವ ಮುನ್ನ

ಮಾನ್ಯರೇ,

ಅಜ್ಜಿಯಿಂದ ಬಂದ 2.5 ಕೋಟಿ ಯೂರೊ ಯಾರಿಗೆ ಸೇರಬೇಕೆಂಬ ತೀರ್ಮಾನವನ್ನು ಆಸ್ಟ್ರಿಯಾದ ಮಾರ್ಲೀನ್ ಎಂಗೆಲ್‌ಹಾರ್ನ್ 2024ರಲ್ಲಿ 50 ಸಾಮಾನ್ಯ ನಾಗರಿಕರಿಗೇ ಬಿಟ್ಟರು. ಅವರಂತೆ ಕೊಡಗಿನಲ್ಲಿ ಹಿರಿಯರ ತೋಟದ ಒಂದು ಪಾಲನ್ನು ಲೈನ್‌ಮನೆಗಳಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಇರುವ ಕಾರ್ಮಿಕರಿಗೆ ಕೊಡಬಯಸುವ ಯುವಜನರು ಮೊದಲು ಪಹಣಿ ನೋಡಲಿ. ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಪಹಣಿಯಲ್ಲಿ ಕುಟುಂಬದ ಹತ್ತಾರು ಹೆಸರುಗಳಿರುತ್ತವೆ. ಪಾಲಾಗದೆ ಒಬ್ಬರೇ ಕೊಟ್ಟ ದಾನ ನಿಲ್ಲದು. ಸರ್ವೆ ನಂಬರಿನ ಒಂದು ತುಂಡು ಕೊಡಲು ಆ ತುಂಡನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ (11ಇ) ಬೇಕು, ಮನೆ ಕಟ್ಟಲು ಕೃಷಿ ಜಮೀನಿನ ಭೂಪರಿವರ್ತನೆ. ದಾನಪತ್ರ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ಕೊಡುವವರು ಬದುಕಿರುವಾಗಲೇ ಪಡೆಯುವವರು ಒಪ್ಪಿಕೊಂಡಿರಬೇಕು. ಬಿಳಿಹಾಳೆಯ ಕರಾರು ನಂಬಿದರೆ, ತೋಟ ಕೈಬದಲಾದ ದಿನ ಆ ಕಾರ್ಮಿಕರ ಸಂಸಾರ ಬೀದಿಗೆ ಬೀಳುತ್ತದೆ. ಓಡಾಡುವ ದಾರಿ, ಬಾವಿ ನೀರಿನ ಹಕ್ಕನ್ನೂ ಪತ್ರದಲ್ಲೇ ಬರೆಸಿ. ಆಮೇಲೆ ಖಾತೆ ಬದಲಾವಣೆ ಮುಗಿಯುವವರೆಗೆ ಜೊತೆಗಿರಿ.

– ಕೆಲವು ಕಾಫಿ ಬೆಳೆಗಾರರು, ಸಿದ್ದಾಪುರ, ಕೊಡಗು