ಯಾರಿಗೆ ಯಾವ ಕಾದಂಬರಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಆಫೀಸಿನ ಗೆಳತಿಯರಿಗೆ ‘ಓದಲೇಬೇಕಾದ ಕಾದಂಬರಿಗಳು’ ಅಂತ ಪಟ್ಟಿ ಮಾಡಿಕೊಟ್ಟೆಯಂತೆ. ಒಬ್ಬರೂ ಓದಲಿಲ್ಲ ಅಂತ ಬೇಜಾರು ಬೇರೆ. ಪಟ್ಟಿಯಲ್ಲಿ ತಪ್ಪೇನಿಲ್ಲ ಕಣೇ. ಕೇಳಿದವರು ಯಾರು ಅಂತ ನೋಡದೆ ಕೊಟ್ಟಿದ್ದೀಯ, ಅಷ್ಟೇ.

ಈಚೆಗೆ ಖುಷಿಯಿಂದ ಓದಿದ್ದು ಯಾವುದು ಅಂತ ಮೊದಲು ಅವರನ್ನು ಕೇಳು. ಓದುವುದು ಬಿಟ್ಟು ವರ್ಷಗಳಾಗಿದ್ದರೆ ತೇಜಸ್ವಿಯವರ ‘ಕರ್ವಾಲೊ’ ಕೊಡು. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವ ಕತೆ. ತೆಳ್ಳಗಿನ ಪುಸ್ತಕ, ನಗುನಗುತ್ತಲೇ ಮುಗಿಸಬಹುದು. ಅಂಥವರ ಕೈಗೆ ಮೊದಲೇ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಇಟ್ಟರೆ ಹೆದರಿಬಿಡುತ್ತಾರೆ, ಅಲ್ವಾ?

ಹಾಗಂತ ಅದನ್ನು ಬಿಡಬೇಡ. ನನ್ನ ಪಾಲಿಗೆ ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಕಾದಂಬರಿ ಇಲ್ಲ. ಹೇಳುವಾಗ ಕಷ್ಟವನ್ನೂ ಸೇರಿಸಿ ಹೇಳು. 1967ರಲ್ಲಿ ಬಂದದ್ದು, ಸುಮಾರು 700 ಪುಟ. ನಾಯಕ, ನಾಯಕಿ ಅಂತ ಹುಡುಕಿದರೆ ಸಿಗುವುದಿಲ್ಲ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅಂತ ಅವರೇ ಶುರುವಿನಲ್ಲಿ ಬರೆದಿದ್ದಾರೆ. ಯಾರು ಯಾವ ಮನೆಯವರು ಅಂತ ಮೊದಮೊದಲು ಗೊಂದಲವಾಗುತ್ತದೆ. ಒಂದು ಚೀಟಿಯಲ್ಲಿ ಹೆಸರು ಬರೆದುಕೊಳ್ಳಲಿ. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಹೋದರೆ ದಾರಿ ತಿಳಿಯುತ್ತದೆ. ಹುಲಿಯನಿಗೆ ಕೊನೆಗೆ ಏನಾಯಿತು ಅಂತ ಮಾತ್ರ ಬಾಯಿ ಬಿಡಬೇಡ. (ನಿಮ್ಮ ದೊಡ್ಡಪ್ಪ ನಾನು ಓದುವ ಮೊದಲೇ ಹೇಳಿಬಿಟ್ಟಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ.)

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಬೇರೆ ಥರ. ನಂಜನಗೂಡು ಕಡೆಯ ಆಡುಮಾತಿನಲ್ಲಿದೆ. ನಿನ್ನ ಧಾರವಾಡದ ಗೆಳತಿಗೆ ಕೊಡುವುದಾದರೆ ಜೋರಾಗಿ ಓದಿಕೊಳ್ಳಲು ಹೇಳು. ಕಿವಿಗೆ ಬಿದ್ದರೆ ಬೇಗ ಅರ್ಥವಾಗುತ್ತದೆ.

ಹಿಡಿಸದ್ದನ್ನೂ ಹೇಳು. ಸುಮ್ನೆ ‘ಬೋರು’ ಅಂದರೆ ಸಾಲದು, ಎಲ್ಲಿ, ಯಾಕೆ ಅಂತ ಹೇಳಬೇಕು. ಭೈರಪ್ಪನವರ ‘ಪರ್ವ’ ನಿನಗೆ ಹಿಡಿಸಲಿಲ್ಲ ಅಂತ ನಿಮ್ಮಮ್ಮ ಹೇಳಿದಳು. ಮಹಾಭಾರತದಿಂದ ಪವಾಡಗಳನ್ನು ತೆಗೆದುಹಾಕಿದ್ದು ಹಿಡಿಸಲಿಲ್ಲವೋ, ಪಾತ್ರಗಳು ಪುಟಗಟ್ಟಲೆ ಹಳೆಯದನ್ನು ನೆನೆಯುತ್ತಾ ಕೂರುವುದೋ? ಎರಡನೆಯದಾದರೆ ನಾನೂ ನಿನ್ನ ಕಡೆ. ಮೊದಲನೆಯದಾದರೆ ಜಗಳವೇ. ಪುಸ್ತಕ ತೆರೆಯದೆ, ಲೇಖಕರ ರಾಜಕೀಯ ನೋಡಿ ಹೊಗಳುವ, ಬೈಯುವ ಚಾಳಿಯಂತೂ ಬೇಡ. ಈಗ ಅದು ಜಾಸ್ತಿಯಾಗಿದೆ.

‘ಪರ್ವ’ದ ಜಗಳ ದಸರಾಕ್ಕೆ ಬಂದಾಗ ಮಾಡೋಣ. ಬರುವಾಗ ಹಿಂದಿನ ಸಲ ಒಯ್ದ ನನ್ನ ಪುಸ್ತಕಗಳನ್ನು ಮರೆಯದೆ ತಾ.

ನಿನ್ನ ದೊಡ್ಡಮ್ಮ