ಕುದುರೆಯ ಹಿಂದೆ ಹೊರಟ ಮಗಳಿಗೊಂದು ಪತ್ರ

ಪುಟ್ಟಿ,

ಮೊನ್ನೆ ರಾತ್ರಿ ಊಟದ ಹೊತ್ತಿಗೆ ನೀನು ನೋಟ್‌ಬುಕ್ ತಂದು ನಮ್ಮ ಮುಂದೆ ಇಟ್ಟೆ. ಒಂದೇ ಪುಟದಲ್ಲಿ ಪೂರ್ತಿ ಲೆಕ್ಕ. ಹತ್ತನೇ ಕ್ಲಾಸು, ಪಿಯುಸಿ, ಹದಿನೆಂಟಕ್ಕೆ ಜರ್ಮನಿ, 2032ಕ್ಕೆ ಕುದುರೆ ಸವಾರಿಯಲ್ಲಿ ಬ್ರಿಸ್ಬೇನ್ ಒಲಿಂಪಿಕ್ಸ್. ಅರ್ಧ ಓದುವಷ್ಟರಲ್ಲೇ ನಾನು "ದುಡ್ಡು ಎಲ್ಲಿಂದ ಬರುತ್ತೆ?" ಅಂದುಬಿಟ್ಟೆ. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಎದುರು ಕೂತು ಮಾತಾಡಲು ಹೋದರೆ ಮತ್ತೆ ದನಿ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ನಾಲ್ಕು ದಿನದ ಹುಚ್ಚು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ನಿನಗೆ ಆರು ವರ್ಷ ಇದ್ದಾಗ ಮೈಸೂರು ದಸರಾಕ್ಕೆ ಹೋಗಿದ್ದೆವಲ್ಲ, ಸುತ್ತ ಇದ್ದವರೆಲ್ಲ ಅಂಬಾರಿ ನೋಡಲು ಕತ್ತು ಚಾಚುತ್ತಿದ್ದರು. ನಿನ್ನ ಕಣ್ಣು ಮಾತ್ರ ಅಶ್ವಾರೋಹಿ ಪೊಲೀಸರ ಕುದುರೆಗಳ ಮೇಲಿತ್ತು. ಅವು ಮರೆಯಾದ ಮೇಲೂ ನೀನು ಆ ಕಡೆಯೇ ನೋಡುತ್ತಿದ್ದೆ.

ಅಜ್ಜಿಗೆ ಇವತ್ತಿಗೂ ಕುದುರೆ ಅಂದರೆ ರೇಸು, ಜೂಜು. ನೀನೇ ಕೂತು ವಿವರಿಸಿದೆ. ಅರವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಳದಲ್ಲಿ ಕುದುರೆಯನ್ನು ಸದ್ದಿಲ್ಲದೆ ನಡೆಸಿ, ಓಡಿಸಿ, ತಿರುಗಿಸುವುದು ಡ್ರೆಸಾಜ್. ಕಂಬ ಬೀಳಿಸದೆ ಹಾರಿಸುವುದು ಜಂಪಿಂಗ್. ಇವೆರಡರ ಜೊತೆ ಗುಡ್ಡ, ನೀರು, ಮರದ ದಿಮ್ಮಿ ದಾಟುವ ಓಟವೂ ಸೇರಿದರೆ ಈವೆಂಟಿಂಗ್. ಅಜ್ಜಿ ಎಲ್ಲ ಕೇಳಿ, "ಹಾಗಾದ್ರೆ ಕುದುರೆಗೂ ಪರೀಕ್ಷೆ, ನಿನಗೂ ಪರೀಕ್ಷೆ" ಅಂದರು. ಅಷ್ಟು ಸರಿಯಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಹೋದ ತಿಂಗಳು ನಿನ್ನನ್ನು ಕರೆದುಕೊಂಡು ಹೋಗಲು ಬಂದಾಗ ಸ್ವಲ್ಪ ಬೇಗ ಬಂದಿದ್ದೆ. ನೀನು ನೋಡಲಿಲ್ಲ. ಲಾಯದ ಬಾಗಿಲ ಹತ್ತಿರ ನೀನು ಬಗ್ಗಿ ನಿಂತು ರಾಣಿ ಕುದುರೆಯ ಹಿಂಗಾಲು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕೊಕ್ಕೆಯಿಂದ ಗೊರಸಿನ ಒಳಗಿನ ಮಣ್ಣು, ಸಗಣಿ ಕೆರೆದು ತೆಗೆಯುತ್ತಿದ್ದೆ. ನಡುವಿನ ಮೆತ್ತಗಿನ ಜಾಗ ಬಂದಾಗ ಕೊಕ್ಕೆ ಬಿಟ್ಟು ಬೆರಳಿನಿಂದ ಒರೆಸಿದೆ. ಒಂದು ಸಣ್ಣ ಕಲ್ಲು ಸಿಕ್ಕಿತು. ಅದನ್ನು ಕುದುರೆ ನೋಡಿಕೊಳ್ಳುವ ಸೈಸ್ ಅಣ್ಣನಿಗೆ ತೋರಿಸಿ, ಮತ್ತೆ ಗೊರಸು ಮುಟ್ಟಿ ಬಿಸಿ ಇದೆಯಾ ಅಂತ ನೋಡಿದೆ. ಐನೂರು ಕೆಜಿಯ ಪ್ರಾಣಿ ಕಾಲು ನಿನ್ನ ಕೈಗೆ ಕೊಟ್ಟು ಸುಮ್ನೆ ಹುಲ್ಲು ಮೆಲ್ಲುತ್ತಿತ್ತು. ಮನೆಯಲ್ಲಿ ಚಾದರ ಮಡಿಸಲು ನಾಲ್ಕು ಸಲ ಹೇಳಿಸಿಕೊಳ್ಳುವ ಹುಡುಗಿ ಇವಳೇನಾ ಅನ್ನಿಸಿತು. ಅವತ್ತು ನಾನು ಕಾರಿಗೆ ವಾಪಸ್ ಹೋಗಿ ಕೂತು ಕಣ್ಣು ಒರೆಸಿಕೊಂಡೆ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಅದರಲ್ಲಿ ನನಗೆ ಒಪ್ಪಿಗೆಯಾಗದ್ದು ಆಸೆಯಲ್ಲ ಕಣೇ, ಆತುರ.

ನಿನ್ನ ಗೋಡೆಯ ಮೇಲೆ ಇರುವ ಫವಾದ್ ಮಿರ್ಜಾ ನಮ್ಮ ಬೆಂಗಳೂರಿನ ಹುಡುಗ. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದಾಗ ಅವರಿಗೆ 26. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿ 23ನೇ ಸ್ಥಾನ ಪಡೆದಾಗ 29. 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸವಾರಿ ಮಾಡಿದ ಮೇಲೆ ಭಾರತದಿಂದ ಇನ್ನೊಬ್ಬ ಸವಾರ ಒಲಿಂಪಿಕ್ಸ್‌ಗೆ ಹೋಗಲು ಅಷ್ಟು ವರ್ಷ ಬೇಕಾಯಿತು. ಜಪಾನಿನ ಹಿರೋಶಿ ಹೊಕೆಟ್ಸು ಇನ್ನೂ ದೊಡ್ಡ ಉದಾಹರಣೆ. 1964ರ ಟೋಕಿಯೊದಲ್ಲಿ ಆಡಿದರು. ಆಮೇಲೆ ಎಷ್ಟೋ ವರ್ಷ ಕಂಪನಿ ಕೆಲಸ ಮಾಡಿಕೊಂಡೇ ಕುದುರೆ ಹತ್ತಿದರು. 2012ರಲ್ಲಿ ಲಂಡನ್ನಿಗೆ ಹೋದಾಗ ಅವರಿಗೆ 71! ಜಿಮ್ನಾಸ್ಟಿಕ್ಸೋ ಈಜೋ ಆಗಿದ್ದರೆ ನಿನ್ನ ಅವಸರ ನನಗೂ ಅರ್ಥ ಆಗುತ್ತಿತ್ತು.

ದುಡ್ಡಿನ ಮಾತು ಆಡಲೇಬೇಕು. ಯುರೋಪಿನಲ್ಲಿ ಸ್ಪರ್ಧೆಗೆ ತಕ್ಕ ಕುದುರೆ ಕೊಳ್ಳುವ ಶಕ್ತಿ ನಮಗಿಲ್ಲ, ಮನೆ ಮಾರಿದರೂ ಅದನ್ನು ಸಾಕುವುದು ಆಗುವುದಿಲ್ಲ. ಫವಾದ್ ಬೆನ್ನಿಗೂ ಎಂಬಸಿ ಗ್ರೂಪ್ ಅನ್ನುವ ದೊಡ್ಡ ಕಟ್ಟಡ ಕಂಪನಿ ನಿಂತಿತ್ತು. ಅವರ ಅಪ್ಪ ಕುದುರೆ ವೈದ್ಯರು, ಅದು ನೆನಪಿರಲಿ. ಹುಟ್ಟಿದಾಗಿನಿಂದ ಕುದುರೆ ನೋಡಿದ ಮನೆ ಅದು. ನಮ್ಮದು ಅಲ್ಲ. ಆದ್ದರಿಂದ ನಿನ್ನ ದಾರಿ ಬೇರೆ ಇರಬೇಕು, ದಾರಿಯೇ ಇಲ್ಲ ಅಂತಲ್ಲ.

ನಾನೂ ಅಪ್ಪನೂ ಯೋಚಿಸಿದ್ದು ಹೀಗೆ. ಪಿಯುಸಿಯಲ್ಲಿ ಬಯಾಲಜಿ ತಗೋ. ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಪ್ರಯತ್ನ ಮಾಡು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಸವಾರಿ ನಿಲ್ಲಿಸಬೇಡ, ಕ್ಲಾಸಿನ ಫೀಸು ನಾವು ಕಟ್ಟುತ್ತೇವೆ. ರಜೆಯಲ್ಲಿ ಲಾಳ ಕಟ್ಟುವವರ ಪಕ್ಕ ನಿಂತು ಕೆಲಸ ನೋಡು. ಕಾಲೇಜು ಮುಗಿದ ಮೇಲೆ ವರ್ಕಿಂಗ್ ಸ್ಟೂಡೆಂಟ್ ಆಗಿ ಯುರೋಪಿನ ಲಾಯಕ್ಕೆ ಹೋಗು. ಲಾಯ ಗುಡಿಸಿ, ಕುದುರೆ ಉಜ್ಜಿ, ಬದಲಿಗೆ ಪಾಠ ಕಲಿಯುವುದು ಅಲ್ಲಿ ರೂಢಿಯೇ ಇದೆಯಂತೆ. ಆಗ ನೀನು ಕುದುರೆಯ ಹೊಟ್ಟೆ ನೋವೂ ಗೊತ್ತಿರುವ ಸವಾರಳಾಗಿ ಹೋಗುತ್ತೀಯ. ಯಾವ ಲಾಯದವರಿಗೂ ಅಂಥವರು ಬೇಕು.

ಹುಡುಗಿ ಅಂತ ನಾವು ಹಿಂದೆ ಎಳೆಯುತ್ತಿಲ್ಲ. ಒಲಿಂಪಿಕ್ಸ್‌ನಲ್ಲಿ ಗಂಡಸರು, ಹೆಂಗಸರು ಒಂದೇ ಪಟ್ಟಿಯಲ್ಲಿ ಎದುರಾಗುವ ಆಟ ಇದು. 1952ರಲ್ಲಿ ಡ್ರೆಸಾಜ್ ಹೆಂಗಸರಿಗೂ ತೆರೆಯಿತು. ಆ ವರ್ಷವೇ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು. ಪೋಲಿಯೊದಿಂದ ಅವರಿಗೆ ಮೊಣಕಾಲಿನ ಕೆಳಗೆ ಸ್ವಾಧೀನ ಇರಲಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮವರು ಡ್ರೆಸಾಜ್ ತಂಡದ ಚಿನ್ನ ತಂದಾಗ ನಾಲ್ವರಲ್ಲಿ ಇಬ್ಬರು ಹುಡುಗಿಯರು, ಸುದೀಪ್ತಿ ಹಜೇಲಾ ಮತ್ತು ದಿವ್ಯಕೃತಿ ಸಿಂಗ್. ಅವತ್ತು ನೀನು ಸೋಫಾ ಮೇಲೆ ಕುಣಿದಿದ್ದೆ.

2024ರಲ್ಲಿ ನೀನು ಊಟ ಬಿಟ್ಟ ದಿನವೂ ನನಗೆ ನೆನಪಿದೆ. ಡ್ರೆಸಾಜ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಬ್ರಿಟನ್ನಿನ ಷಾರ್ಲಟ್ ದುಜಾರ್ಡಿನ್, ತರಬೇತಿಯಲ್ಲಿ ಕುದುರೆಯ ಕಾಲಿಗೆ ಚಾವಟಿಯಲ್ಲಿ ಹೊಡೆದ ವಿಡಿಯೊ ಹೊರಬಂದು ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಹಿಂದೆ ಸರಿದರು. "ಅಮ್ಮಾ, ಅದಕ್ಕೆ ಬೇಡ ಅನ್ನೋಕೂ ಬರಲ್ಲ" ಅಂದೆ. ಪದಕದ ಲೆಕ್ಕ ಬರೆಯುವಾಗ ಆ ಮಾತನ್ನೂ ಅದೇ ಪುಟದಲ್ಲಿ ಬರೆದಿಟ್ಟುಕೋ.

ಇನ್ನೊಂದು ವಿಷಯ. ನಿನ್ನ ಹೆಲ್ಮೆಟ್ ಒರೆಸುವಾಗ ಒಳಗೆ ಬಿರುಕು ನೋಡಿದೆ. ಯಾವಾಗ ಬಿದ್ದೆ? ಹೊಸದಕ್ಕೆ ಜಾಸ್ತಿ ದುಡ್ಡಾಗುತ್ತೆ ಅಂತ ಮುಚ್ಚಿಟ್ಟೆ, ಅಲ್ವಾ? ನಾನು ದುಡ್ಡು ದುಡ್ಡು ಅಂದಿದ್ದಕ್ಕೇ ನೀನು ಹೀಗೆ ಮಾಡಿದ್ದು ಅಂತ ಹೊಳೆದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಕಾಯುವುದಿಲ್ಲ ಅಂತ ನನಗೆ ಹೇಳಿಕೊಟ್ಟವಳೇ ನೀನು. ಬಿದ್ದರೆ ಅವತ್ತೇ ಹೇಳು. ಬೈಯುವುದಿಲ್ಲ.

ಹಳೆಯದನ್ನು ಅಟ್ಟದ ಮೇಲೆ ಇಟ್ಟಿದ್ದೇನೆ, ಇಳಿಸಬೇಡ. ಶನಿವಾರ ಹೋಗಿ ಹೊಸದು ತರೋಣ. ಅಲ್ಲಿಯವರೆಗೆ ರಾಣಿಯ ಮೈ ಉಜ್ಜು, ಹತ್ತಬೇಡ. ಕ್ಯಾರೆಟ್ ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿದೆ.

ನಿನ್ನ
ಅಮ್ಮ